ತಾಮ್ರದ ಪಂಕ್ತಿಯಲ್ಲೊಂದು ಖಾಲಿ ಎಲೆ

ನಮಸ್ಕಾರ. ಅಧಿಕ ತಾಪದ ಅತಿವಾಹಕಗಳ, ಅಂದರೆ ಉಳಿದ ಅತಿವಾಹಕಗಳಿಗಿಂತ ಹೆಚ್ಚಿನ ತಾಪದಲ್ಲೂ ಅಡ್ಡಿಯಿಲ್ಲದೆ ವಿದ್ಯುತ್ ಹರಿಯಗೊಡುವ ವಸ್ತುಗಳ ಬಗ್ಗೆ ಮಾತನಾಡುವಾಗ ನಾವು ಡೋಪಿಂಗ್ (ಬೇರೆ ಪರಮಾಣುಗಳ ಬೆರಕೆ) ಎಂಬ ಪದವನ್ನು ಸಿಲಿಕಾನ್‌ನಿಂದ ಎರವಲು ತಂದು, ಅದರ ಬೆನ್ನಿಗೆ ಸಿಲಿಕಾನ್‌ನ ಕಥೆಯನ್ನೂ ತಂದುಬಿಡುತ್ತೇವೆ ಎಂಬುದು ನನ್ನ ತಕರಾರು. ಸಿಲಿಕಾನ್‌ನಲ್ಲಿ ಹತ್ತು ಲಕ್ಷ ಪರಮಾಣುಗಳಿಗೆ ಒಂದರಂತೆ ರಂಜಕ ಬೆರೆಸಿದರೂ ವಾಹಕತೆ ಏರುತ್ತದೆ. ಎಲೆಕ್ಟ್ರಾನ್‌ಗಳ ಶಕ್ತಿಪಟ್ಟಿಗಳು, ಅಂದರೆ ಅವು ಇರಬಹುದಾದ ಶಕ್ತಿಯ ಮಟ್ಟಗಳು, ಇದ್ದಂತೆಯೇ ಇದ್ದು, ಅವುಗಳಲ್ಲಿ ತುಂಬಿರುವ ಎಲೆಕ್ಟ್ರಾನ್‌ಗಳ ಲೆಕ್ಕವಷ್ಟೇ ಬದಲಾಗುತ್ತದೆ. ಅಧಿಕ ತಾಪದ ಅತಿವಾಹಕಗಳಾದ ತಾಮ್ರದ ಆಕ್ಸೈಡುಗಳಲ್ಲಿ (ಕ್ಯುಪ್ರೇಟ್‌ಗಳಲ್ಲಿ) ಹಾಗಲ್ಲ.

1986ರಲ್ಲಿ ಭೌತವಿಜ್ಞಾನಿಗಳಾದ ಬೆಡ್ನೋರ್ಜ್ ಮತ್ತು ಮುಲ್ಲರ್ ಬೇರಿಯಮ್ ಬೆರೆಸಿ ಅತಿವಾಹಕತೆ ಕಂಡ ವಸ್ತುವಿನ ಮೂಲರೂಪ ಲ್ಯಾಂಥನಮ್ ಕ್ಯುಪ್ರೇಟ್. ಅದರ ತಾಮ್ರ–ಆಮ್ಲಜನಕ ಪದರದಲ್ಲಿ ಪ್ರತಿ ತಾಮ್ರಕ್ಕೂ ಜೋಡಿಯಿಲ್ಲದ ಒಂದು ಎಲೆಕ್ಟ್ರಾನ್ ಇದೆ. ಶಕ್ತಿಪಟ್ಟಿ ಸಿದ್ಧಾಂತದ ಪ್ರಕಾರ ಅದು ಲೋಹವಾಗಬೇಕಿತ್ತು. ವಾಸ್ತವದಲ್ಲಿ ಅಪ್ಪಟ ಅವಾಹಕ. ಮದುವೆಯೂಟದ ಪಂಕ್ತಿಯನ್ನು ನೆನೆಸಿಕೊಳ್ಳಿ: ಪ್ರತಿ ಎಲೆಗೂ ಒಬ್ಬರು ಕೂತಾಗಿದೆ, ಒಂದೇ ಎಲೆಗೆ ಇಬ್ಬರು ಕೂರುವಂತಿಲ್ಲ, ಆದ್ದರಿಂದ ಯಾರೂ ಪಕ್ಕಕ್ಕೆ ಸರಿಯುವಂತಿಲ್ಲ. ಅಕ್ಕಪಕ್ಕದ ಎಲೆಕ್ಟ್ರಾನ್‌ಗಳ ಸ್ಪಿನ್‌ಗಳೂ (ಪುಟ್ಟ ಕಾಂತಗಳಂತೆ ವರ್ತಿಸುವ ಗುಣ) ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಮುಖಮಾಡಿ ಶಿಸ್ತಾಗಿ ನಿಂತಿವೆ.

ಈಗ ಮೂರು ಧನಾವೇಶದ ಲ್ಯಾಂಥನಮ್ ಜಾಗಕ್ಕೆ ಎರಡು ಧನಾವೇಶದ ಸ್ಟ್ರಾಂಷಿಯಮ್ ಬಂದರೆ ಪದರದಿಂದ ಒಂದು ಎಲೆಕ್ಟ್ರಾನ್ ಎದ್ದುಹೋಗುತ್ತದೆ. ಉಳಿದ ಖಾಲಿ ಜಾಗ, ಅಂದರೆ ರಂಧ್ರ, ಬಹುಮಟ್ಟಿಗೆ ಆಮ್ಲಜನಕದ ಮೇಲಿರುತ್ತದೆಯೇ ಹೊರತು ತಾಮ್ರದ ಮೇಲಲ್ಲ. ನನ್ನ ಪಂಕ್ತಿಯ ಹೋಲಿಕೆ ಇಲ್ಲಿ ಕುಂಟುತ್ತದೆ, ಇರಲಿ. ತಾಮ್ರವೊಂದಕ್ಕೆ 0.02ರಷ್ಟು ರಂಧ್ರಗಳು ಸೇರುವಷ್ಟರಲ್ಲಿ ಸ್ಪಿನ್‌ಗಳ ದೂರವ್ಯಾಪಿ ಶಿಸ್ತು ಮುರಿಯುತ್ತದೆ, 0.05ರ ಸುಮಾರಿಗೆ ಅತಿವಾಹಕತೆ ತಲೆಯೆತ್ತಿ, 0.16ರ ಹೊತ್ತಿಗೆ ಅದು ಉಳಿಯುವ ತಾಪದ ಮಿತಿ 38 ಕೆಲ್ವಿನ್‌ನ ಆಸುಪಾಸಿನಲ್ಲಿ ಶಿಖರ ಮುಟ್ಟಿ, 0.27ರ ಬಳಿ ಅತಿವಾಹಕತೆಯೇ ಅಳಿಯುತ್ತದೆ. 0.16 ಎಂದರೆ ಹೆಚ್ಚುಕಡಿಮೆ 12 ಲ್ಯಾಂಥನಮ್‌ಗಳಲ್ಲಿ ಒಂದು ಬದಲಾದಂತೆ. ಇದನ್ನು ಚಿಟಿಕೆ ಬೆರಕೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಫರ್ಮಿ ಮೇಲ್ಮೈಯನ್ನು, ಅಂದರೆ ತುಂಬಿದ ಮತ್ತು ಖಾಲಿಯಿರುವ ಎಲೆಕ್ಟ್ರಾನ್ ಸ್ಥಿತಿಗಳ ನಡುವಿನ ಗಡಿಯನ್ನು ಅಳೆದವರ ಅಂಕಿಗಳು ಇನ್ನೂ ಖಡಾಖಂಡಿತ. ಡೋಪಿಂಗ್ ಹೆಚ್ಚಿರುವ ಥ್ಯಾಲಿಯಮ್ ಕ್ಯುಪ್ರೇಟ್‌ನಲ್ಲಿ ಆ ಗಡಿ ಬ್ರಿಲುವಾಂ ವಲಯದ (ಸ್ಫಟಿಕದಲ್ಲಿ ಎಲೆಕ್ಟ್ರಾನ್‌ಗಳ ಎಲ್ಲ ಸಂವೇಗಗಳನ್ನು ಒಳಗೊಂಡ ನಕ್ಷೆಯ) ಸುಮಾರು ಶೇಕಡಾ 65ರಷ್ಟನ್ನು ಆವರಿಸಿದರೆ, ಡೋಪಿಂಗ್ ಕಡಿಮೆಯಿರುವ ಇಟ್ರಿಯಮ್ ಕ್ಯುಪ್ರೇಟ್‌ನಲ್ಲಿ 2007ರಲ್ಲಿ ಕಂಡ ಪುಟ್ಟ ಕಿಸೆಯ, ಅಂದರೆ ಗಡಿ ಸುತ್ತುವರಿದ ತುಣುಕಿನ, ಪಾಲು ಶೇಕಡಾ 2 ಮಾತ್ರ. ಬರೀ ಎಣಿಕೆ ಬದಲಾಗಿದ್ದರೆ ಇಂಥ ಜಿಗಿತಕ್ಕೆ ಜಾಗವೇ ಇರುತ್ತಿರಲಿಲ್ಲ, ಬದಲಾದದ್ದು ಸ್ಥಿತಿಗಳೇ.

1987ರ ಜನವರಿಯಲ್ಲಿ ಬೆಂಗಳೂರಿನ ಸಮ್ಮೇಳನವೊಂದರಲ್ಲಿ ಭೌತವಿಜ್ಞಾನಿ ಆಂಡರ್ಸನ್ ಮಂಡಿಸಿದ ವಿಚಾರ ಇದೇ ಜಾಡಿನದು: ಅತಿವಾಹಕತೆಗೆ ಬೇಕಾದ ಎಲೆಕ್ಟ್ರಾನ್ ಜೋಡಿಗಳು ಅವಾಹಕದೊಳಗೇ ಹುದುಗಿರುತ್ತವೆ, ಡೋಪಿಂಗ್ ಅವುಗಳಿಗೆ ಚಲಿಸಲು ದಾರಿ ಬಿಡುತ್ತದೆ. ಎಲ್ಲರೂ ಅದನ್ನು ಒಪ್ಪಿಲ್ಲ. ನನ್ನ ಒಲವು ಮಾತ್ರ ಅತ್ತಲೇ.