ಹೊಸ ತಳಿ ಬಂತೆಂದರೆ ವಿಮಾನ ನಿಲ್ಲಿಸಿಬಿಟ್ಟರೆ ಸಾಕೇ?

[ದೃಶ್ಯ: ಚಿಕ್ಕಬಳ್ಳಾಪುರದ ಬಸ್ ನಿಲ್ದಾಣ, ಬೆಳಗಿನ ಜಾವ. ದೇವನಹಳ್ಳಿ ಕಡೆಗೆ ಹೊರಟ ಬಸ್ಸು ತುಂಬುತ್ತಿದೆ.]

ನಮಸ್ಕಾರ. ಕೊರೋನಾದ ಹೊಸ ತಳಿಯೊಂದರ ಹೆಸರು ಸುದ್ದಿಯಲ್ಲಿ ಕೇಳಿಬಂದಾಗಲೆಲ್ಲ ಚಿಕ್ಕಬಳ್ಳಾಪುರದಲ್ಲಿ ಮೊದಲು ಏಳುವ ಪ್ರಶ್ನೆ ಇದು: ಏರ್‌ಪೋರ್ಟ್ ಮುಚ್ಚುವುದಿಲ್ಲವೇ? ಈ ಪ್ರಶ್ನೆಗೆ ನಮ್ಮಲ್ಲಿ ಹೆಚ್ಚಿನ ಕಾವು ಇರುವುದಕ್ಕೆ ಕಾರಣವಿದೆ. ಕೆಂಪೇಗೌಡ ವಿಮಾನ ನಿಲ್ದಾಣ ಇರುವುದು ಪಕ್ಕದ ದೇವನಹಳ್ಳಿಯಲ್ಲಿ. ಹೆದ್ದಾರಿ ಹಿಡಿದರೆ ಒಂದು ಗಂಟೆಯೂ ಬೇಡ. ಅಲ್ಲಿ ಟ್ಯಾಕ್ಸಿ ಓಡಿಸುವವರು, ಲಗೇಜು ಸಾಗಿಸುವವರು, ಸ್ವಚ್ಛತೆಯ ಕೆಲಸಕ್ಕೆ ಹೋಗುವವರು ರಾತ್ರಿ ಪಾಳಿ ಮುಗಿಸಿಕೊಂಡು ಬಂದು ಮಲಗುವುದು ನಮ್ಮ ಬೀದಿಗಳಲ್ಲಿಯೇ. ಹಾಗಾಗಿ ಜನರ ಭಯವನ್ನು ಅಜ್ಞಾನವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೆ ಭಯಕ್ಕೆ ಉತ್ತರವನ್ನು ನಾವು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೇವೆ ಎಂಬುದು ನನ್ನ ಖಚಿತ ಅಭಿಪ್ರಾಯ, ಅದಕ್ಕೆ ನಮ್ಮ ಸುತ್ತಲೇ ನಡೆದ ಒಂದು ನಿದರ್ಶನವಿದೆ.

[ತೆರೆಯ ಮೇಲೆ: 2021ರ ನವೆಂಬರ್ ತಿಂಗಳ ಕ್ಯಾಲೆಂಡರ್]

2021ರ ನವೆಂಬರ್ 24ರಂದು ದಕ್ಷಿಣ ಆಫ್ರಿಕಾವು ಹೊಸ ತಳಿಯೊಂದು ಕಂಡುಬಂದಿರುವುದನ್ನು ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿತು. ಎರಡೇ ದಿನಗಳಲ್ಲಿ, ಅಂದರೆ 26ರಂದು, ಅದಕ್ಕೆ ಒಮಿಕ್ರಾನ್ ಎಂಬ ಹೆಸರಾಯಿತು. ಡಿಸೆಂಬರ್ 1ರಿಂದ ಅಪಾಯದ ಪಟ್ಟಿಯಲ್ಲಿದ್ದ ದೇಶಗಳಿಂದ ಬಂದಿಳಿಯುವವರಿಗೆ ನಮ್ಮ ವಿಮಾನ ನಿಲ್ದಾಣಗಳಲ್ಲಿ ಆರ್‌ಟಿ-ಪಿಸಿಆರ್ ಪರೀಕ್ಷೆ ಕಡ್ಡಾಯವಾಯಿತು. ಮರುದಿನ, ಡಿಸೆಂಬರ್ 2ರಂದು, ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಪ್ರಕಟವಾದವು, ಎರಡೂ ಬೆಂಗಳೂರಿನವು. ಒಬ್ಬರು ದಕ್ಷಿಣ ಆಫ್ರಿಕಾದಿಂದ ಬಂದಿದ್ದ ಪ್ರಯಾಣಿಕರು. ವಿಷಯ ಹೊರಬೀಳುವಷ್ಟರಲ್ಲಿ ಅವರು ದೇಶ ಬಿಟ್ಟು ಹೋಗಿಯಾಗಿತ್ತು. ಇನ್ನೊಬ್ಬರು ಬೆಂಗಳೂರಿನ ವೈದ್ಯರು, ವಿದೇಶ ಪ್ರಯಾಣವನ್ನೇ ಮಾಡಿರಲಿಲ್ಲ. ಆ ವೈದ್ಯರಿಗೆ ಸೋಂಕು ಪರೀಕ್ಷೆ ನಡೆದದ್ದು ನವೆಂಬರ್ 22ರಂದು.

ದಿನಾಂಕಗಳನ್ನು ಮತ್ತೊಮ್ಮೆ ನೋಡಿ. ದಕ್ಷಿಣ ಆಫ್ರಿಕಾ ಜಗತ್ತಿಗೆ ಸುದ್ದಿ ಕೊಡುವುದಕ್ಕಿಂತ ಎರಡು ದಿನ ಮೊದಲೇ, ಒಮಿಕ್ರಾನ್ ಎಂಬ ಹೆಸರು ಹುಟ್ಟುವುದಕ್ಕಿಂತ ನಾಲ್ಕು ದಿನ ಮೊದಲೇ, ಆ ವೈರಾಣು ಬೆಂಗಳೂರಿನಲ್ಲಿ ವಿದೇಶದ ಮುಖ ನೋಡದ ಒಬ್ಬರ ಗಂಟಲಿನಲ್ಲಿತ್ತು.

ಹೀಗಾಗುವುದು ಯಾರದೋ ನಿರ್ಲಕ್ಷ್ಯದಿಂದಲ್ಲ. ಆರ್‌ಟಿ-ಪಿಸಿಆರ್ ಪರೀಕ್ಷೆಯು ಕೊರೋನಾ ಇದೆಯೇ ಇಲ್ಲವೇ ಎಂಬುದನ್ನು ಹೇಳುತ್ತದೆಯೇ ಹೊರತು ತಳಿ ಯಾವುದೆಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ತಳಿ ಗೊತ್ತಾಗಬೇಕಾದರೆ ವೈರಾಣುವಿನ ಸುಮಾರು 30 ಸಾವಿರ ಅಕ್ಷರಗಳ ಆರ್‌ಎನ್‌ಎಯನ್ನು, ಅಂದರೆ ಅದರ ಆನುವಂಶಿಕ ಬರಹವನ್ನು, ಪ್ರಯೋಗಾಲಯದಲ್ಲಿ ಮೊದಲಿನಿಂದ ಕೊನೆಯವರೆಗೆ ಓದಬೇಕು. ವೈರಾಣು ತನ್ನ ಪ್ರತಿ ಮಾಡಿಕೊಳ್ಳುವಾಗಲೆಲ್ಲ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ; ಹೆಚ್ಚಿನ ತಪ್ಪುಗಳಿಂದ ಏನೂ ಆಗುವುದಿಲ್ಲ, ಕೆಲವು ಮಾತ್ರ ಅದಕ್ಕೆ ಹೆಚ್ಚು ವೇಗವಾಗಿ ಹರಡುವ ಶಕ್ತಿ ಕೊಡುತ್ತವೆ. ಈ ಓದಿಗೆ ದಿನಗಳು ಹಿಡಿಯುತ್ತವೆ, ಆ ದಿನಗಳಲ್ಲಿ ವೈರಾಣು ಸುಮ್ಮನೆ ಕೂರುವುದಿಲ್ಲ.

ಹಾಗೆಂದು ಪ್ರಯಾಣ ನಿರ್ಬಂಧಗಳು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಹಬ್ಬುವ ವೇಗ ಒಂದಿಷ್ಟು ಕುಂಠಿತವಾದರೆ ಆಸ್ಪತ್ರೆಗಳಿಗೆ ಹಾಸಿಗೆ, ಆಮ್ಲಜನಕ ಸಜ್ಜು ಮಾಡಿಕೊಳ್ಳಲು ಕೆಲವು ದಿನಗಳ ಬಿಡುವು ಸಿಗುತ್ತದೆ. ಸಿಗುವುದು ಅಷ್ಟೇ. ಇನ್ನು ರಸ್ತೆಗಳನ್ನು ಮುಚ್ಚುವ ಮಾತು ಬಿಡಿ. ಕೋಲಾರದ ಎಪಿಎಂಸಿಯಿಂದಲೂ ಚಿಂತಾಮಣಿಯ ಮಾರುಕಟ್ಟೆಯಿಂದಲೂ ಟೊಮೆಟೊ ತುಂಬಿದ ಲಾರಿಗಳು ನಂಗಲಿ, ಬಾಗೇಪಲ್ಲಿಗಳನ್ನು ದಾಟಿ ಹೊರರಾಜ್ಯಗಳಿಗೆ ಹೋಗಲೇಬೇಕು, ಇಲ್ಲವಾದರೆ ಕೆಲವೇ ದಿನಗಳಲ್ಲಿ ಹಣ್ಣು ಕೊಳೆಯುತ್ತದೆ.

[ದೃಶ್ಯ: ಹೊಂಗೆ ಮರದ ಕೆಳಗೆ ನಿಂತ ಬಿಳಿ ಟ್ಯಾಕ್ಸಿ]

ನಿರ್ಬಂಧಕ್ಕಿಂತ ಅದರ ಹಿಂದಿನ ಮನಸ್ಥಿತಿಯೇ ಹೆಚ್ಚು ಕೆಡುಕು ಮಾಡುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನನ್ನ ಸೋದರಮಾವ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಾರೆ. ಆ ಡಿಸೆಂಬರಿನಲ್ಲಿ ಅವರಿಗೆ ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ. ಆದರೂ ಅಕ್ಕಪಕ್ಕದವರ ಒತ್ತಾಯಕ್ಕೆ ಮಣಿದು ಹತ್ತು ದಿನಕ್ಕೂ ಹೆಚ್ಚು ಕಾಲ ಊರಾಚೆಯ ಹೊಂಗೆ ಮರದ ಕೆಳಗೆ ಕಾರಿನಲ್ಲೇ ಮಲಗಿದರು. ಅತ್ತೆ ಮುದ್ದೆ ಮತ್ತು ಸಾರಿನ ತಟ್ಟೆಯನ್ನು ಬಾನೆಟ್ಟಿನ ಮೇಲಿಟ್ಟು, ಇನ್ನೊಂದು ತಟ್ಟೆ ಮುಚ್ಚಿ, ದೂರ ಹೋಗಿ ನಿಂತುಕೊಳ್ಳುತ್ತಿದ್ದರು; ಮಾವ ಆಮೇಲೆ ಬಾಗಿಲು ತೆಗೆದು ಇಳಿಯುತ್ತಿದ್ದರು. ಜನವರಿಯಲ್ಲಿ ಅವರಿಗೆ ನಿಜವಾಗಿಯೂ ಗಂಟಲು ನೋವು ಬಂದಾಗ ಅವರು ಯಾರಿಗೂ ಹೇಳಲಿಲ್ಲ. ಮೆಡಿಕಲ್ ಸ್ಟೋರಿನಿಂದ ಜ್ವರದ ಮಾತ್ರೆ ತಂದು ನುಂಗಿ, ಎಂದಿನಂತೆ ಕೆಲಸಕ್ಕೆ ಹೋದರು. ಪರೀಕ್ಷೆ ಮಾಡಿಸಿಕೊಂಡರೆ ಮತ್ತೆ ಮರದ ಕೆಳಗೆ ಕಳಿಸುತ್ತಾರೆಂಬ ಅಂಜಿಕೆ ಅವರನ್ನು ಬಾಯಿ ಬಿಡದಂತೆ ಮಾಡಿತು, ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ದೇಶಗಳ ವಿಷಯದಲ್ಲಿಯೂ ಹೀಗೆಯೇ. ಒಮಿಕ್ರಾನ್ ಬಗ್ಗೆ ಪ್ರಾಮಾಣಿಕವಾಗಿ ಬೇಗ ತಿಳಿಸಿದ ದಕ್ಷಿಣ ಆಫ್ರಿಕಾಕ್ಕೆ ಸಿಕ್ಕ ಪ್ರತಿಫಲವೆಂದರೆ ಹಲವು ದೇಶಗಳು ಅಲ್ಲಿನ ವಿಮಾನಗಳನ್ನು ತಡೆದದ್ದು. ಹೇಳಿದವರಿಗೇ ಶಿಕ್ಷೆಯಾದರೆ ಮುಂದಿನ ಸಲ ಯಾರು ಹೇಳುತ್ತಾರೆ?

ಈಗ ಲಸಿಕೆಯ ಮಾತು. ತಳಿ ಬದಲಾದ ಮೇಲೆ ಹಳೆಯ ಲಸಿಕೆ ಏನು ಪ್ರಯೋಜನ ಎಂದು ಕೇಳುವವರು ಬಹಳ. ಲಸಿಕೆಯಿಂದ ನಮ್ಮ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳು ವೈರಾಣುವಿನ ಮೇಲ್ಮೈಯ ಮುಳ್ಳುಗಳ ಆಕಾರವನ್ನು ಗುರುತಿಸಿ ಅವಕ್ಕೆ ಅಂಟಿಕೊಳ್ಳುತ್ತವೆ. ಒಮಿಕ್ರಾನಿನ ಮುಳ್ಳಿನಲ್ಲಿ ಮೂವತ್ತಕ್ಕೂ ಹೆಚ್ಚು ಬದಲಾವಣೆಗಳಾಗಿದ್ದುದರಿಂದ ಆ ಹಿಡಿತ ಸಡಿಲವಾಯಿತು, ಲಸಿಕೆ ಪಡೆದವರಿಗೂ ಸೋಂಕು ತಗುಲಿತು. ಆದರೆ ದೇಹದಲ್ಲಿ ಟಿ ಕಣಗಳೆಂಬ ಇನ್ನೊಂದು ಕಾವಲಿದೆ. ಅವು ಒಟ್ಟು ಆಕಾರವನ್ನು ನೋಡದೆ ವೈರಾಣುವಿನ ಪ್ರೋಟೀನಿನ ಚಿಕ್ಕ ಚಿಕ್ಕ ತುಣುಕುಗಳನ್ನು ಗುರುತಿಸುತ್ತವೆ, ಆ ತುಣುಕುಗಳಲ್ಲಿ ಬಹುಪಾಲು ಬದಲಾಗಿರಲಿಲ್ಲ. ಆದ್ದರಿಂದಲೇ ಸೋಂಕು ತಗುಲಿದರೂ ಅದು ಶ್ವಾಸಕೋಶಕ್ಕಿಳಿದು ಪ್ರಾಣಕ್ಕೆ ಎರವಾಗುವ ಸಂಭವ ಬಹಳಷ್ಟು ಕಡಿಮೆಯಾಯಿತು.

[ತೆರೆಯ ಮೇಲೆ: ಎರಡು ದಿನಗಳ ರಾಜ್ಯದ ಅಂಕಿಗಳು]

ಕರ್ನಾಟಕದ ಎರಡು ದಿನಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. 2021ರ ಮೇ 5ರಂದು ರಾಜ್ಯದಲ್ಲಿ 50,112 ಹೊಸ ಸೋಂಕುಗಳು, 346 ಸಾವುಗಳು ವರದಿಯಾದವು. 2022ರ ಜನವರಿ 23ರಂದು 50,210 ಹೊಸ ಸೋಂಕುಗಳು, 19 ಸಾವುಗಳು. ಈ ವ್ಯತ್ಯಾಸವನ್ನು ಪೂರ್ತಿಯಾಗಿ ಲಸಿಕೆಯ ಲೆಕ್ಕಕ್ಕೆ ಬರೆಯುವುದು ತಪ್ಪಾಗುತ್ತದೆ. ಒಮಿಕ್ರಾನ್ ಎರಡನೆಯ ಅಲೆಯ ಡೆಲ್ಟಾ ತಳಿಯಷ್ಟು ತೀವ್ರವಾಗಿರಲಿಲ್ಲ, ಆ ಅಲೆಯಲ್ಲಿ ಅನೇಕರಿಗೆ ಸೋಂಕು ಬಂದುಹೋಗಿತ್ತು, ಸಾವಿನ ಸಂಖ್ಯೆ ಸೋಂಕಿನ ಸಂಖ್ಯೆಗಿಂತ ಕೆಲವು ವಾರ ತಡವಾಗಿ ಏರುತ್ತದೆ. ಆದರೂ ಲಸಿಕೆಯ ಪಾಲು ದೊಡ್ಡದೇ. ಅದನ್ನು ನೆನೆದಾಗಲೆಲ್ಲ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಜಗಲಿ ಕಣ್ಣ ಮುಂದೆ ಬರುತ್ತದೆ. ಕೋವಿಶೀಲ್ಡಿನ ಒಂದು ಸೀಸೆಯಲ್ಲಿ ಹತ್ತು ಡೋಸು, ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಎಂಟು ಜನ ಕೂತಿದ್ದಾರೆ, ನರ್ಸಮ್ಮ ಸೀಸೆಯನ್ನು ತೆರೆಯದೆ ನೀಲಿ ಪೆಟ್ಟಿಗೆಯಲ್ಲೇ ಇಟ್ಟುಕೊಂಡು ಕಾಯುತ್ತಿದ್ದಾರೆ, ಆಶಾ ಕಾರ್ಯಕರ್ತೆ ಬಿಸಿಲಿನಲ್ಲಿ ಮನೆಮನೆಗೆ ನಡೆದು ಇನ್ನಿಬ್ಬರನ್ನು ಕರೆತರುತ್ತಿದ್ದಾರೆ. ಒಂದು ಡೋಸೂ ಹಾಳಾಗಬಾರದೆಂಬ ಆ ಕಾಳಜಿಗೆ ನಾವು ಸಾಕಷ್ಟು ಕೃತಜ್ಞರಾಗಿಲ್ಲ.

ಲಸಿಕೆಯಿಂದಲೇ ಹೃದಯಾಘಾತ ಹೆಚ್ಚಿತೆಂಬ ಅನುಮಾನವೂ ಇದೆ. 2025ರಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಅದು ಮನೆಮನೆಯ ಮಾತಾಯಿತು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ರಾಜ್ಯ ಸರ್ಕಾರ ನೇಮಿಸಿದ ಸಮಿತಿಗೆ ಅಂಥ ನಂಟು ಕಾಣಲಿಲ್ಲ. ಅದಕ್ಕೂ ಮೊದಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 19 ರಾಜ್ಯಗಳ 47 ಆಸ್ಪತ್ರೆಗಳಲ್ಲಿ, 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ಅಧ್ಯಯನ ಮಾಡಿ, ಲಸಿಕೆಯಿಂದ ಅಪಾಯ ಹೆಚ್ಚಿಲ್ಲವೆಂದು ಕಂಡುಕೊಂಡಿತ್ತು. ಅಪಾಯವನ್ನು ಹೆಚ್ಚಿಸಿದ್ದು ಕುಟುಂಬದಲ್ಲಿ ಅಂಥ ಸಾವಿನ ಇತಿಹಾಸ, ಹಿಂದೆ ಕೋವಿಡ್‌ಗಾಗಿ ಆಸ್ಪತ್ರೆ ಸೇರಿದ್ದು, ಸಾವಿಗೆ ಮುಂಚಿನ ಎರಡು ದಿನಗಳಲ್ಲಿ ಮಿತಿಮೀರಿ ಕುಡಿದದ್ದು ಮುಂತಾದವು. ಲಸಿಕೆಗೆ ಅಡ್ಡಪರಿಣಾಮವೇ ಇಲ್ಲವೆಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಕೋವಿಶೀಲ್ಡ್ ಬಗೆಯ ಲಸಿಕೆಯಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಇಳಿಯುವ ತೊಂದರೆ ಬರುತ್ತದೆಂಬುದು 2021ರಲ್ಲಿಯೇ ಗೊತ್ತಾಗಿತ್ತು. ಅದು ಕಾಣಿಸಿಕೊಳ್ಳುವುದು ಹೆಚ್ಚಾಗಿ ಮೊದಲ ಡೋಸಿನ ನಂತರದ ಕೆಲವು ವಾರಗಳಲ್ಲಿ; ವರ್ಷಗಳ ಹಿಂದೆ ಲಸಿಕೆ ಪಡೆದವರು ಈಗ ಅದಕ್ಕಾಗಿ ನಿದ್ದೆಗೆಡಬೇಕಾಗಿಲ್ಲ.

[ದೃಶ್ಯ: ಮನೆಯೊಂದರ ಕೋಣೆ, ತೆರೆದ ಕಿಟಕಿ]

ಮುಂದೆ ಯಾವ ತಳಿಯ ಹೆಸರು ಬಂದರೂ ನಮ್ಮ ಗಮನ ಮೊದಲು ಹೋಗಬೇಕಾದದ್ದು ಮನೆಯಲ್ಲಿರುವ ವಯಸ್ಸಾದವರ ಕಡೆಗೆ, ಸಕ್ಕರೆ ಕಾಯಿಲೆ, ಬಿಪಿ, ಮೂತ್ರಪಿಂಡದ ತೊಂದರೆ ಇರುವವರ ಕಡೆಗೆ. ಕೆಮ್ಮು, ಜ್ವರ ಇರುವವರು ಮಾಸ್ಕ್ ಹಾಕಿಕೊಂಡು ಅವರಿಂದ ದೂರವಿರಲಿ. ಏರ್‌ಪೋರ್ಟಿನಿಂದ ಬಂದವರು ಗಂಟಲು ನೋಯುತ್ತಿದೆ ಎಂದು ಬಾಯಿ ಬಿಟ್ಟು ಹೇಳಿದರೆ ಕಿಟಕಿಯಿರುವ ಒಂದು ಕೋಣೆ ಬಿಟ್ಟುಕೊಡಿ, ಪರೀಕ್ಷೆಗೆ ಜೊತೆಯಲ್ಲಿ ಹೋಗಿ, ಊಟವನ್ನು ಬಾಗಿಲಿಗೆ ತಲುಪಿಸಿ. ಏದುಸಿರು ಬಂದರೆ, ಅಥವಾ ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ ಅಂಕಿ 94ಕ್ಕಿಂತ ಕೆಳಗಿಳಿದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಆಮ್ಲಜನಕ ಕೊಡಲು ವೈದ್ಯರಿಗೆ ತಳಿಯ ಹೆಸರು ಬೇಕಾಗುವುದಿಲ್ಲ.