ನೆರೆಯವರ ನಡಿಗೆ, ನಮ್ಮ ಅಕ್ಕನ ನಡಿಗೆ

ಕೇಳುಗರೇ, ನಮಸ್ಕಾರ.

ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೆ ಮಂಡ್ಯದ ಸುತ್ತಮುತ್ತ ನಾಟಿ ಶುರುವಾಗುತ್ತದೆ. ಬೆಳಿಗ್ಗೆ ಕೆಸರಿಗೆ ಇಳಿದ ಹೆಂಗಸರು ಬುತ್ತಿ ಬಿಚ್ಚಲು ಬದುವಿಗೆ ಬರುವ ಹೊತ್ತಿಗೆ ನಡು ನೆಟ್ಟಗಾಗುವುದಿಲ್ಲ. ಇದನ್ನು ಅವರ್‍ಯಾರೂ ವ್ಯಾಯಾಮವೆನ್ನುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮಾತ್ರ ಇದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅದರ ಪ್ರಶ್ನಾವಳಿ ದುಡಿಮೆ, ಓಡಾಟ, ಬಿಡುವಿನ ಆಟ ಮೂರನ್ನೂ ಕೇಳುತ್ತದೆ. ವಾರಕ್ಕೆ 150 ನಿಮಿಷ ಸಾಧಾರಣ ಶ್ರಮ, ಇಲ್ಲವೇ 75 ನಿಮಿಷ ಬಿರುಸಿನ ಶ್ರಮ ಇರಬೇಕು.

2016ರ ಅಂದಾಜಿನಂತೆ ಈ ಮಟ್ಟ ಮುಟ್ಟದ ವಯಸ್ಕರು ನೇಪಾಳದಲ್ಲಿ ನೂರಕ್ಕೆ ಸುಮಾರು 13, ಬಾಂಗ್ಲಾದೇಶದಲ್ಲಿ 28, ಶ್ರೀಲಂಕಾದಲ್ಲಿ 29, ನಮ್ಮಲ್ಲಿ 34. ನೇಪಾಳದವರು ನಮಗಿಂತ ಶಿಸ್ತಿನವರೆಂದು ಇದರ ಅರ್ಥವಲ್ಲ. ಅಲ್ಲಿನ ಗುಡ್ಡದೂರುಗಳಲ್ಲಿ ಹೊಲಕ್ಕೂ ನೀರಿಗೂ ಏರಿಳಿಯಲೇಬೇಕು. ಬೆನ್ನಿನ ಮೇಲಿನ ಹೊರೆಯೂ ಆ ಅಂಕಿಯೊಳಗಿದೆ. ಹೀಗಾಗಿ ಆ 13ನ್ನು ಬರೀ ಮೆಚ್ಚಿ ಸುಮ್ಮನಾಗಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮ ಅಂಕಿಯಂತೂ ನಿಜಕ್ಕೂ ಕಳವಳ ತರುತ್ತದೆ. 2024ರಲ್ಲಿ ಬಂದ ಹೊಸ ಅಂದಾಜಿನಲ್ಲಿ ಭಾರತದಲ್ಲಿ ಈ ಮಟ್ಟ ಮುಟ್ಟದವರು 2000ದಲ್ಲಿ ನೂರಕ್ಕೆ 22 ಇದ್ದದ್ದು 2022ಕ್ಕೆ 49 ಆಗಿದೆ. ಗಂಡಸರಲ್ಲಿ 42, ಹೆಂಗಸರಲ್ಲಿ 57. ಬಾಂಗ್ಲಾದೇಶದಲ್ಲೂ ಹೆಂಗಸರೇ ಹಿಂದೆ.

ಈ 57 ಎಂದಾಗಲೆಲ್ಲ ನನಗೆ ನನ್ನ ಅಕ್ಕ ನೆನಪಾಗುತ್ತಾಳೆ. ಮದ್ದೂರಿನ ಕಡೆಯ ಹಳ್ಳಿಯಲ್ಲಿ ಬಿಂದಿಗೆ ಹೊತ್ತು, ಹುಲ್ಲು ಕೊಯ್ದು ಬೆಳೆದವಳು. ಮದುವೆಯಾಗಿ ಮೈಸೂರಿಗೆ ಬಂದಳು. ನಲ್ಲಿ ಬಂತು, ಮಿಕ್ಸಿ ಬಂತು. ಬರಲಿ, ಅವಳಿಗೆ ಆ ಸುಖ ಬೇಕಿತ್ತು. ಆದರೆ ಹೋದ ದುಡಿಮೆಯ ಜಾಗಕ್ಕೆ ನಡೆಯುವ ಹೊತ್ತು ಬರಲಿಲ್ಲ. ಈಗ ಸಕ್ಕರೆ ಕಾಯಿಲೆ. ಡಾಕ್ಟರು ದಿನಾ ನಡೆಯಿರಿ ಎಂದಿದ್ದಾರೆ.

ಕುಕ್ಕರಹಳ್ಳಿ ಕೆರೆಯ ಏರಿ ನಸುಕಿನಲ್ಲಿ ಎಷ್ಟು ಚೆಂದ! ಆ ಹೊತ್ತಿನಲ್ಲಿ ಅಕ್ಕ ಮೂರು ಡಬ್ಬಿಗೆ ತಿಂಡಿ ತುಂಬುತ್ತಿರುತ್ತಾಳೆ. ಸಂಜೆ ಕೈ ಖಾಲಿಯಾಗುವಾಗ ಕತ್ತಲು. ಬೀದಿಯ ಪಾರ್ಕಿನಲ್ಲಿ ದೀಪವಿಲ್ಲ, ಪಾದಚಾರಿ ದಾರಿಯ ತುಂಬ ಬೈಕುಗಳು. ಊರಿನ ಶಾಲಾ ಮೈದಾನಗಳನ್ನು ಸಂಜೆ ಎಂಟರವರೆಗೆ ತೆರೆದಿಟ್ಟು ಎರಡು ದೀಪ ಹಾಕಿದರೆ ಎಷ್ಟೋ ಹೆಂಗಸರು ನಡೆಯಲು ಬರುತ್ತಾರೆ. ಇದು ದೊಡ್ಡ ಖರ್ಚಿನ ಮಾತಲ್ಲ.

ಮೊನ್ನೆ ಅವಳ ಮನೆಗೆ ಹೋಗಿದ್ದೆ. ರಾತ್ರಿ ಒಂಬತ್ತೂವರೆ. ಮಹಡಿಯ ಮೇಲೆ ಹೆಜ್ಜೆ ಸದ್ದು. ಹತ್ತಿ ನೋಡಿದರೆ, ಒಣಗಲು ಹಾಕಿದ ಬಟ್ಟೆಗಳ ಅಡಿ ತಲೆ ಬಗ್ಗಿಸಿಕೊಂಡು ನೀರಿನ ಟ್ಯಾಂಕಿನ ಸುತ್ತ ಸುತ್ತುತ್ತಿದ್ದಳು. ಒಂದು ಸುತ್ತಿಗೆ ಒಂದರಂತೆ, ಹುಣಿಸೆ ಬೀಜಗಳನ್ನು ಗೋಡೆಯ ಮೇಲೆ ಸಾಲಾಗಿ ಇಡುತ್ತಿದ್ದಳು.