'ಕಂಪ್ಯೂಟರ್ ಬೇಕಾಗಿದೆ', 1892

ಕೇಳುಗರಿಗೆಲ್ಲ ನಮಸ್ಕಾರ. 1892ನೇ ಇಸವಿ ಮೇ 2ನೇ ತಾರೀಖಿನ ನ್ಯೂಯಾರ್ಕ್ ಟೈಮ್ಸ್ ಪೇಪರ್‌ನಲ್ಲಿ ಒಂದು ಪುಟ್ಟ ಸುದ್ದಿ ಇದೆ, ಅದರ ಹೆಡ್ಡಿಂಗ್ ಏನು ಗೊತ್ತಾ, 'ಕಂಪ್ಯೂಟರ್ ಬೇಕಾಗಿದೆ'. ಆಗಿನ್ನೂ ಬೆಂಗಳೂರಿನ ಬೀದಿಗೆ ಕರೆಂಟ್ ದೀಪಾನೇ ಬಂದಿರ್ಲಿಲ್ಲ! ಒಳಗೆ ಓದಿದ್ರೆ ಅವರು ಹುಡುಕ್ತಿರೋದು ಮೆಷಿನ್ನನ್ನಲ್ಲ, ಮನುಷ್ಯರನ್ನ. ವಾಷಿಂಗ್ಟನ್‌ನ ನಾಟಿಕಲ್ ಆಲ್ಮನಾಕ್ ಆಫೀಸ್‌ನಲ್ಲಿ ಎರಡು ಹುದ್ದೆ ಖಾಲಿ ಇವೆ, ಒಂದಕ್ಕೆ 1,000 ಡಾಲರ್ ಸಂಬಳ ಇನ್ನೊಂದಕ್ಕೆ 1,400, ಮೇ 18ಕ್ಕೆ ಪರೀಕ್ಷೆ, ಬೀಜಗಣಿತ ರೇಖಾಗಣಿತ ತ್ರಿಕೋನಮಿತಿ ಖಗೋಳಶಾಸ್ತ್ರ ಎಲ್ಲಾ ಬರ್ಬೇಕು ಅಂತ.

ಡ್ರೈವ್ ಮಾಡೋರು ಡ್ರೈವರ್, ಪೇಂಟ್ ಮಾಡೋರು ಪೇಂಟರ್, ಹಾಗೇ ಲೆಕ್ಕ ಹಾಕೋರು ಕಂಪ್ಯೂಟರ್, ಅಷ್ಟೇ. ಆ ಆಫೀಸ್ ತರ್ತಿದ್ದದ್ದು ಹಡಗಿನವರ ಪಂಚಾಂಗ ಅನ್ನಬಹುದು, ಯಾವ ದಿನ ಸೂರ್ಯ ಚಂದ್ರ ನಕ್ಷತ್ರ ಆಕಾಶದಲ್ಲಿ ಎಲ್ಲಿರತ್ತೆ ಅನ್ನೋದನ್ನ ಮುಂಚೇನೇ ಗುಣಿಸಿ ಪ್ರಿಂಟ್ ಮಾಡ್ತಿದ್ರು, ಒಂದು ಅಂಕಿ ತಪ್ಪಿದ್ರೂ ನಡುಸಮುದ್ರದಲ್ಲಿ ಹಡಗು ದಾರಿ ತಪ್ಪೋ ಭಯ.

ನಮ್ಮ ದೇಶದಲ್ಲೂ ಈ ಕೆಲಸ ಇತ್ತು. 1831ರಲ್ಲಿ ಬಂಗಾಳದ ರಾಧಾನಾಥ ಸಿಕ್ದಾರ್ ಅನ್ನೋ ಹುಡುಗ ಸರ್ವೇ ಇಲಾಖೆಗೆ ಸೇರಿದ್ದು ಕಂಪ್ಯೂಟರ್ ಅಂತಾನೇ. ಆಮೇಲೆ 'ಪೀಕ್ 15' ಅನ್ನೋ ಶಿಖರದ ಎತ್ತರದ ಲೆಕ್ಕದಲ್ಲಿ ಅವರದ್ದು ದೊಡ್ಡ ಪಾಲು, ಬಂದ ಉತ್ತರ 29,002 ಅಡಿ. ಆದ್ರೆ 1865ರಲ್ಲಿ ಶಿಖರಕ್ಕೆ ಇಟ್ಟಿದ್ದು ಸರ್ವೇ ಇಲಾಖೆಯ ಹಿಂದಿನ ಮುಖ್ಯಸ್ಥ ಎವರೆಸ್ಟ್ ಸಾಹೇಬರ ಹೆಸರು. ನಂಗಿದು ಇವತ್ತಿಗೂ ಸಂಕಟ ಆಗೋ ವಿಷಯ.

ಹಾರ್ವರ್ಡ್ ವೀಕ್ಷಣಾಲಯದಲ್ಲಂತೂ ಹೆಣ್ಮಕ್ಕಳ ತಂಡಾನೇ ಇತ್ತು, ಗಾಜಿನ ಪ್ಲೇಟ್ ಮೇಲಿನ ನಕ್ಷತ್ರಗಳನ್ನ ಲೆನ್ಸ್ ಹಿಡ್ಕೊಂಡು ಒಂದೊಂದಾಗಿ ಅಳೀತಿದ್ರು, ಕೂಲಿ ಗಂಟೆಗೆ 25 ಸೆಂಟ್‌ನಿಂದ ಶುರು. ಅವರಲ್ಲೊಬ್ಬರು ಹೆನ್ರಿಯೆಟ್ಟಾ ಲೆವಿಟ್, 1912ರಲ್ಲಿ ಅವರು ಕೊಟ್ಟ ಸೂತ್ರದಿಂದಾನೇ ಮುಂದೆ ದೂರದ ಗ್ಯಾಲಕ್ಸಿಗಳ ದೂರ ಅಳೆಯೋಕಾಯ್ತು.

1946ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಎನಿಯಾಕ್ ಅನ್ನೋ ಲೆಕ್ಕ ಹಾಕೋ ಎಲೆಕ್ಟ್ರಾನಿಕ್ ಮೆಷಿನ್ ಬಂತು, ಗಂಟೆಗಟ್ಟಲೆ ಹಿಡೀತಿದ್ದ ಲೆಕ್ಕ ಸೆಕೆಂಡುಗಳಲ್ಲಿ ಆಯ್ತು, ಪೇಪರ್‌ನವರು ಅದನ್ನ 'ಮಿದುಳು' ಅಂತೆಲ್ಲಾ ಕರೆದು ಹೊಗಳಿದ್ರು. ಅದಕ್ಕೆ ಪ್ರೋಗ್ರಾಂ ಹಾಕಿದ ಆರು ಹೆಂಗಸರೂ ಅದಕ್ಕೆ ಮುಂಚೆ ಕಂಪ್ಯೂಟರ್ ಕೆಲಸದಲ್ಲೇ ಇದ್ದೋರು, ಅವರಿಗೆ ಸಲ್ಲಬೇಕಾದ ಹೆಸರು ಮಾತ್ರ ಆವತ್ತು ಸಲ್ಲಲಿಲ್ಲ. ಆಮೇಲೆ ಮೆಲ್ಲಗೆ ಪದಾನೂ ಮೆಷಿನ್ ಪಾಲಾಯ್ತು.

ಇನ್ನೊಂದು ಹೇಳ್ಬೇಕು. ಕನ್ನಡದಲ್ಲೂ 'ಗಣಕ' ಅಂದ್ರೆ ಮೊದಲು ಮನುಷ್ಯಾನೇ, ಗ್ರಹಗತಿ ಗುಣಿಸೋ ಜೋಯಿಸ, ಲೆಕ್ಕ ಬರೆಯೋನು. ಕಂಪ್ಯೂಟರ್ ಬಂದಾಗ ಬರೀ ಗಣಕ ಅಂತ ಬಿಡದೆ 'ಗಣಕಯಂತ್ರ' ಅಂದ್ರು. ಈಗ ಆ ಯಂತ್ರ ಅನ್ನೋದೂ ಉದುರಿಹೋಗಿ ಬರೀ ಗಣಕ ಅಂತೀವಿ, ಪಂಚಾಂಗ ಗುಣಿಸ್ತಿದ್ದ ಆ ಮನುಷ್ಯನ ನೆನಪು ಬರೋದೇ ಇಲ್ಲ. ನಮಸ್ಕಾರ.